ಕೆರೆ ಹಸಿರಾದ ವರ್ಷದ ಆಣೆ

ಕಳೆದ ತಿಂಗಳು ಹಲ್ಲು ತೋರಿಸಲು ಕಡೂರಿಗೆ ಹೋಗಿದ್ದೆ. ಡಾಕ್ಟರು ಹೊಸಬರು, ಗೋಡೆಗೆ ಹೊಸ ಬಣ್ಣ, ಕುರ್ಚಿಗಳೂ ಹೊಸವು. ಮೂಲೆಯಲ್ಲಿ ಒಂದು ಗಾಜಿನ ಮೀನಿನ ತೊಟ್ಟಿ. ನೋವಿನಿಂದ ಬಂದವರ ಗಮನ ಸ್ವಲ್ಪ ಆಚೆ ಹೋಗಲಿ ಎಂದು ಇಟ್ಟಿರಬೇಕು. ಆದರೆ ನೀರು ಬದಲಾಯಿಸಿ ಯಾವ ಕಾಲವಾಗಿತ್ತೋ, ಒಳಗೆ ಮೀನೇ ಕಾಣುತ್ತಿರಲಿಲ್ಲ, ಬರೀ ಹಸಿರು. ಟೋಕನ್ ಕೊಡುವ ಹುಡುಗಿ ಮುಚ್ಚಳ ತೆಗೆದು ಒಂದಿಷ್ಟು ಕಾಳು ಉದುರಿಸಿದಳು. ಆಗ ಆ ವಾಸನೆ ಬಂತು. ಹಸಿ ಹುಲ್ಲನ್ನು ಚೀಲದಲ್ಲಿ ಕಟ್ಟಿ ಕೊಳೆಯಲು ಬಿಟ್ಟ ಹಾಗೆ, ಅದರ ಹಿಂದೆ ಸ್ವಲ್ಪ ಮೀನು, ಸ್ವಲ್ಪ ಕೆಸರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಇಷ್ಟು ಸಣ್ಣ ತೊಟ್ಟಿ ಚೊಕ್ಕಟ ಇಟ್ಟುಕೊಳ್ಳಲಾರದವರು ನನ್ನ ಬಾಯೊಳಗೆ ಕೈ ಹಾಕುವುದು ಬೇಡ ಅನಿಸಿತು.

ನನ್ನ ಸ್ವಭಾವವೇ ಅಂಥದ್ದು. ಹಾಲಿನವನ ಅಳತೆ, ಕಂಡಕ್ಟರನ ಚಿಲ್ಲರೆ, ನೆಂಟರ ಅತಿ ವಿನಯ, ಯಾವುದನ್ನೂ ಒಂದು ಸಲ ತಿರುಗಿಸಿ ನೋಡದೆ ಒಪ್ಪಿಕೊಂಡವನಲ್ಲ. ತರೀಕೆರೆಯ ನಮ್ಮ ಮನೆಯಲ್ಲಿ ಅಮ್ಮಿ ನನ್ನನ್ನು ಚಿಕ್ಕಂದಿನಿಂದಲೂ ಶಕ್ಕಿ ಎಂದೇ ಕರೆಯುತ್ತಿದ್ದಳು. ನಮ್ಮ ಮನೆಮಾತಿನಲ್ಲಿ ಅದಕ್ಕೆ ಅನುಮಾನದ ಪ್ರಾಣಿ ಎಂದು ಅರ್ಥ. ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಕೆಲಸ, ಎಂದರೆ ಪಶುವೈದ್ಯರ ಸಹಾಯಕನ ಕೆಲಸ, ಸಿಕ್ಕಿದಾಗ ಎಲ್ಲರೂ ಸಿಹಿ ಹಂಚುತ್ತಿದ್ದರೆ ನಾನು ಆರ್ಡರಿನ ಕಾಗದವನ್ನು ಬೆಳಕಿಗೆ ಹಿಡಿದು ಸೀಲು ನಿಜವಾದದ್ದೋ ಎಂದು ನೋಡುತ್ತಿದ್ದೆ. ಇಂಥವನನ್ನು ಸರ್ಕಾರ, ನನಗಿಂತ ಹೆಚ್ಚು ಅನುಮಾನದ ಒಂದು ಊರಿಗೇ ಹಾಕಿತು.

ಅದು ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಊರು ಶಿವನಿ ಸ್ಟೇಷನ್ನಿನಿಂದ ಒಂದು ಗಂಟೆಯ ನಡಿಗೆ. ಆಗ ಅದೆಲ್ಲ ತರೀಕೆರೆ ತಾಲ್ಲೂಕೇ. ಊರಿನ ಹೆಸರು ಬೇಡ, ಆ ಮನೆಗಳವರು ಇನ್ನೂ ಅಲ್ಲೇ ಇದ್ದಾರೆ. ಊರ ಮುಂದೆ ದೊಡ್ಡ ಕೆರೆ. ಕೆರೆಗೆ ಎರಡು ಕಡೆಯಿಂದ ನೀರು ಬರುತ್ತಿತ್ತು: ಒಂದು ಕಡೆ ಕುರುಚಲು ಕಾಡಿನ ಗುಡ್ಡದ ಹಳ್ಳ, ಇನ್ನೊಂದು ಕಡೆ ಇಳಿಜಾರಿನ ಈರುಳ್ಳಿ ಹೊಲಗಳಿಂದ ಬರುವ ಕೊರಕಲು. ನನ್ನ ಡಿಸ್ಪೆನ್ಸರಿ ಎಂದರೆ ಏರಿಯ ಪಕ್ಕದ ಒಂದು ಹೆಂಚಿನ ಕೋಣೆ, ಮುಂದೆ ದನ ಕಟ್ಟುವ ಮರದ ಚೌಕಟ್ಟು. ಪಶುವೈದ್ಯರು ಅಜ್ಜಂಪುರದಲ್ಲಿದ್ದರು, ವಾರಕ್ಕೊಮ್ಮೆ ಮೋಟಾರ್‌ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು. ಊರವರು ನನ್ನನ್ನು ಸಾಬ್ರು ಎನ್ನುತ್ತಿದ್ದರು, ಎದುರಿಗೆ ಗೌರವದಿಂದ, ಹಿಂದೆ ಹೇಗೋ ತಿಳಿಯದು.

ಆ ಊರಲ್ಲಿ ಒಂದು ಪದ್ಧತಿಯಿತ್ತು. ಕೊಯ್ಲು ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು. ಕುರುಬರು ರಾತ್ರಿ ತಮ್ಮ ಕುರಿಗಳನ್ನು ಒಬ್ಬರ ಹೊಲದಲ್ಲಿ ಕೂಡುತ್ತಿದ್ದರು. ಹಿಕ್ಕೆ, ಗಂಜಲ ಎಲ್ಲ ಆ ಮಣ್ಣಿಗೆ. ಬದಲಿಗೆ ಹೊಲದವರು ರಾಗಿ ಅಳೆದು ಕೊಡಬೇಕು, ಕುರುಬನಿಗೆ ಒಂದು ಹೊತ್ತು ಬಿಸಿ ಮುದ್ದೆ ಹೊಲಕ್ಕೇ ಕಳಿಸಬೇಕು. ಕರಿಸಿದ್ದಪ್ಪನ ಮಂದೆ ಅಪ್ಪನ ಕಾಲದಿಂದಲೂ ಪಟೇಲ್ ರುದ್ರಪ್ಪನವರ ಹೊಲದಲ್ಲಿ ನಿಲ್ಲುತ್ತಿತ್ತು. ಕರಿಸಿದ್ದಪ್ಪ ಐವತ್ತರ ಆಸುಪಾಸಿನ ಒಣಕಲು ಮನುಷ್ಯ, ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಕಂಬಳಿ. ರುದ್ರಪ್ಪನವರು ಅದಕ್ಕೆ ವಿರುದ್ಧ, ದಪ್ಪ ದನಿ, ದಪ್ಪ ಮೀಸೆ, ಹೊಸತೇನು ಬಂದರೂ ಮೊದಲು ತಮ್ಮ ಮನೆಗೇ ಬರಬೇಕೆಂಬ ಹಟ. ಊರಿಗೆ ಮೊದಲ ಪಂಪ್‌ಸೆಟ್ ಅವರದು, ಮೊದಲ ಹೈಬ್ರಿಡ್ ಜೋಳ ಅವರದು, ಯೂರಿಯಾ ಮೂಟೆಯನ್ನು ಗಾಡಿಯಲ್ಲಿ ಮೊದಲು ತಂದವರೂ ಅವರೇ.

ಅವರ ಈರುಳ್ಳಿ ಗಡ್ಡೆ ಅದರ ಹಿಂದಿನ ವರ್ಷ ಎರಡು ಮುಷ್ಟಿ ದಪ್ಪ ಬಂತು. ಅದನ್ನು ನೋಡಿದ ಮೇಲೆ ಇಳಿಜಾರಿನವರೆಲ್ಲ ಸೊಸೈಟಿಯ ಮುಂದೆ ಸಾಲು ನಿಂತರು. ಎಷ್ಟು ಹಾಕಬೇಕು ಎಂದು ಯಾರೂ ಕೇಳಲಿಲ್ಲ, ಪಕ್ಕದವನು ಎಷ್ಟು ಹಾಕಿದ ಎಂದು ಮಾತ್ರ ಕೇಳಿದರು. ಪಕ್ಕದವನು ನಿಜ ಹೇಳಿರಲಾರ ಎಂಬ ಅನುಮಾನದಿಂದ ಅವನು ಹೇಳಿದ್ದಕ್ಕಿಂತ ಒಂದು ಮೂಟೆ ಹೆಚ್ಚೇ ಚೆಲ್ಲಿದರು. ಆಮೇಲೆ ಜಡಿಮಳೆ ಹಿಡಿದು ಅರ್ಧ ಗೊಬ್ಬರ ತೊಳೆದುಹೋದಾಗ ಮತ್ತೆ ಚೆಲ್ಲಿದರು. ಇನ್ನು ಕುರಿ ಹಿಕ್ಕೆ ಯಾರಿಗೆ ಬೇಕು? ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊಡೆದು ಹೊಲಕ್ಕೆ ಹಾಕುವುದನ್ನೂ ನಿಲ್ಲಿಸಿದರು. ದೀಪಾವಳಿ ಕಳೆದ ಮೇಲೆ ಕರಿಸಿದ್ದಪ್ಪ ಎಂದಿನಂತೆ ಮಂದೆ ಹೊಡೆದುಕೊಂಡು ಬಂದರೆ ಪಟೇಲರು ಈ ವರ್ಷ ಬೇಡಪ್ಪ ಎಂದು ಹೇಳಿ ಕಳಿಸಿದರಂತೆ. ಉಳಿದವರೂ ಅದನ್ನೇ ಹೇಳಿದರು. ಅವನಿಗೆ ಉಳಿದದ್ದು ಕೆರೆಯಂಗಳ ಒಂದೇ. ನೀರು ಹಿಂದೆ ಸರಿದ ಕಡೆ ಎಳೆ ಹುಲ್ಲು ಚಿಗುರಿತ್ತು, ಅಲ್ಲೇ ಮಂದೆ ಹಾಕಿದ.

ಕೆರೆಯ ಬಣ್ಣ ಬದಲಾದದ್ದು ಆ ಹೊತ್ತಿಗೇ. ಮೊದಲು ದಡದಲ್ಲಿ ತೆಳ್ಳಗೆ ಹಸಿರು ಪೊರೆ ಕಟ್ಟಿತು. ಆಮೇಲೆ ಕೊರಕಲು ಕೆರೆ ಸೇರುವ ಮೂಲೆಯಿಂದ ಹರಡುತ್ತ ಹರಡುತ್ತ ಬಂದು ನಡುವಿನ ತನಕ ಸೊಪ್ಪಿನ ಸಾರಿನಷ್ಟು ದಟ್ಟವಾಯಿತು. ಬೆಳಗಿನ ಇಬ್ಬನಿಯಲ್ಲಿ ಅದರ ವಾಸನೆ ನನ್ನ ಕೋಣೆಯವರೆಗೂ ಬರುತ್ತಿತ್ತು. ಬೆಳ್ಳಕ್ಕಿಗಳು ಎಂದೂ ಕಾಣದಷ್ಟು ಬಂದು ಕೂತವು. ಕೆರೆಯಲ್ಲಿ ಈಜಿದ ಮಕ್ಕಳಿಗೆ ಮೈಯೆಲ್ಲ ಕೆಂಪು ಗುಳ್ಳೆ ಎದ್ದು ತುರಿಕೆ ಶುರುವಾಯಿತು. ಬಟ್ಟೆ ಒಗೆಯಲು ನೀರಿಗಿಳಿದ ಹೆಂಗಸರಿಗೆ ಮೊಣಕಾಲಿನವರೆಗೆ ಅದೇ ತುರಿಕೆ. ಸಂಜೆ ಊರೊಳಗೆ ನಡೆದರೆ ಎಲ್ಲ ಜಗುಲಿಗಳಲ್ಲೂ ಜನ ಕಾಲು ಕೆರೆದುಕೊಳ್ಳುತ್ತ ಕೂತಿರುತ್ತಿದ್ದರು.

ಯಾರು ಏನು ಹಾಕಿದರು ಎಂಬುದೇ ಆಮೇಲಿನ ಮಾತು. ಮೀನು ಹರಾಜು ಹಿಡಿದವನು ಬೇರೆ ಊರಿನವನು, ಅವನೇ ಮೀನು ಬೇಗ ಬಲಿಯಲೆಂದು ಔಷಧಿ ಹಾಕಿದ್ದಾನೆ ಎಂದರು ಕೆಲವರು. ರೈಲಿನ ಇಂಜಿನ್ ನೀರು ಭೂಮಿಯೊಳಗೇ ಇಳಿದು ಬಂದಿದೆ ಎಂದು ಸ್ಕೂಲ್ ಮೇಷ್ಟ್ರು ವಿವರಿಸಿದರು. ಡಿಸ್ಪೆನ್ಸರಿಯ ಬಾಟಲಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ನನ್ನನ್ನೇ ಕೇಳಿದ. ನನಗೆ ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ಒಂದು ಬೆಳಿಗ್ಗೆ ಒಬ್ಬ ಹೆಂಗಸು ಮೊರದಲ್ಲಿ ಕಪ್ಪೆ ಹಿಡಿದು ತಂದಳು, ಅದಕ್ಕೆ ಹಿಂದೆ ಒಂದು ಕಾಲು ಹೆಚ್ಚಿತ್ತು. ಯಾರೋ ದಾರದಲ್ಲಿ ಕಟ್ಟಿದ್ದಾರೆ ಎಂದುಕೊಂಡು ನಾನು ಆ ಕಾಲನ್ನು ಮೆಲ್ಲಗೆ ಎಳೆದೆ. ಕಪ್ಪೆ ಉಳಿದ ಕಾಲುಗಳನ್ನೂ ಝಾಡಿಸಿತು. ನಿಜವಾದ ಕಾಲೇ. ಅವಳು ನನ್ನನ್ನು ನೋಡಿದ ರೀತಿ ನೋಡಿದರೆ ಆ ಕಾಲು ನಾನೇ ಹಚ್ಚಿದ್ದೇನೋ ಎನ್ನುವ ಹಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಕರಿಸಿದ್ದಪ್ಪನ ಕುರಿಗಳು ಸೊರಗತೊಡಗಿದವು. ಮೇವು ಬೇಕಾದಷ್ಟಿತ್ತು, ಮೇಯುತ್ತಲೂ ಇದ್ದವು, ಆದರೂ ಬೆನ್ನು ಮೂಳೆ ಎದ್ದು ಕಾಣುತ್ತಿತ್ತು. ಕಣ್ಣಿನ ಒಳರೆಪ್ಪೆ ಬಿಳುಪು. ಕೆಲವು ಕುರಿಗಳ ದವಡೆಯ ಕೆಳಗೆ ನೀರಿನ ಚೀಲ ಕಟ್ಟಿದಂತೆ ಊತ. ಒಂದೊಂದಾಗಿ ಸಾಯಲು ಶುರುವಾದವು. ಅವನಿಗೆ ಹೊಲವಿರಲಿಲ್ಲ, ಗಂಡುಮಕ್ಕಳಿರಲಿಲ್ಲ. ಆ ಮಂದೆ ಹೋದರೆ ಅವನೂ ಅವನ ಹೆಂಡತಿ ಗಂಗಮ್ಮನೂ ಇನ್ನೊಬ್ಬರ ಮಂದೆಗೆ ಕೂಲಿ ಹೋಗಬೇಕು. ಅವರ ಜನದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನು ಕೊಟ್ಟ ಜಂತಿನ ಔಷಧಿ ಕುಡಿಸಿದ ಮಾರನೆಯ ದಿನ ಒಂದು ಕುರಿ ಸತ್ತಾಗ ಗಂಗಮ್ಮ ಬಾಟಲಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು.

ಕರಿಸಿದ್ದಪ್ಪನಿಗೆ ಮಾತ್ರ ನನ್ನ ಮೇಲಲ್ಲ ಅನುಮಾನ. ಪಟೇಲರ ಆಳು ಖಾಲಿ ಯೂರಿಯಾ ಚೀಲಗಳನ್ನು ಕೆರೆಯಲ್ಲಿ ಜಾಲಾಡುವುದನ್ನು ಅವನು ಕಂಡಿದ್ದ. ಒಳ್ಳೆ ಗಟ್ಟಿ ಚೀಲ, ಯಾರೂ ಬಿಸಾಡುತ್ತಿರಲಿಲ್ಲ, ತೊಳೆದು ಕಾಳು ತುಂಬುತ್ತಿದ್ದರು, ಮಳೆಗೆ ಕೊಪ್ಪೆ ಮಾಡಿಕೊಳ್ಳುತ್ತಿದ್ದರು. ಕರಿಸಿದ್ದಪ್ಪನಿಗೆ ಅದು ಬೇರೆಯೇ ಕಂಡಿತು. ಹೊಲದಿಂದ ಓಡಿಸಿದರು, ಕೆರೆಯಂಗಳದಿಂದಲೂ ಓಡಿಸಬೇಕೆಂದು ಹುಲ್ಲಿನ ಮೇಲೆ ಆ ಬಿಳಿ ಉಪ್ಪು ಎರಚಿದ್ದಾರೆ ಎಂದ. ಯೂರಿಯಾ ನೆಕ್ಕಿದ ದನ ಹೊಟ್ಟೆ ಉಬ್ಬಿ ಸತ್ತದ್ದನ್ನು ಊರವರು ನೋಡಿದ್ದರಿಂದ ಮಾತು ಅಂಟಿಕೊಂಡಿತು. ಕೆರೆಯಂಗಳದ ಹುಲ್ಲಿನ ಮೇಲೆ ಪಟೇಲರಿಗೆ ಕಣ್ಣಿತ್ತು ಎಂಬುದೂ ಸುಳ್ಳಲ್ಲ. ನನಗೂ ಆ ಅನುಮಾನ ಚೆನ್ನಾಗಿ ಒಪ್ಪಿತು.

ಇಂಥ ಮಾತು ಪೋಲೀಸಿಗೆ ಹೋಗುತ್ತಿರಲಿಲ್ಲ, ಅಂತರಘಟ್ಟೆಯ ಅಮ್ಮನ ಗುಡಿಗೆ ಹೋಗುತ್ತಿತ್ತು. ಆರೋಪ ಹೊತ್ತವನು ಅಮ್ಮನ ಮುಂದೆ ಕರ್ಪೂರ ಆರಿಸಿ ಆಣೆ ಮಾಡಬೇಕು. ಏನೆಂದು ಆಣೆ ಮಾಡಬೇಕು ಎಂಬುದನ್ನು ಆರೋಪ ಹೊರಿಸಿದವನು ಹೇಳಿಕೊಡಬೇಕು. ಆಣೆ ಆದ ಮೇಲೆ ಎರಡು ಮನೆಯವರು ಒಬ್ಬರ ಮನೆಯ ನೀರು ಬೆಂಕಿ ಇನ್ನೊಬ್ಬರು ಮುಟ್ಟುವಂತಿಲ್ಲ, ಎದುರೆದುರು ಮಾತಾಡುವಂತಿಲ್ಲ. ಏನೇ ಇದ್ದರೂ ನಡುವೆ ಮೂರನೆಯವನನ್ನು ನಿಲ್ಲಿಸಿಕೊಂಡು ಅವನಿಗೆ ಹೇಳಬೇಕು. ಅವನು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಬೇಕು.

ನಾನು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು ನೋಡಿದೆ. ಚಳಿಗಾಳಿ ಬೀಸುತ್ತಿತ್ತು, ಕರ್ಪೂರ ಹತ್ತಿಸುವುದೇ ಕಷ್ಟವಾಯಿತು. ಕರಿಸಿದ್ದಪ್ಪ ಹೇಳಿಕೊಟ್ಟದ್ದು ಚಿಕ್ಕ ಮಾತು. ವಿಷ ಹಾಕಿಲ್ಲ ಎಂದು ಹೇಳಿಸಬಹುದಿತ್ತು, ಅವನು ಅಷ್ಟಕ್ಕೆ ಬಿಡಲಿಲ್ಲ.

“ನನ್ನಿಂದ ನಿನ್ ಕುರಿ ಸತ್ತಿಲ್ಲ ಅನ್ಲಿ. ಸತ್ತಿದ್ರೆ ನನ್ ಮನೆ ಮಕ್ಳಿಗೆ ತಟ್ಲಿ ಅನ್ಲಿ.”

ರುದ್ರಪ್ಪನವರು ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ದಪ್ಪ ದನಿಯಲ್ಲಿ ಅಷ್ಟನ್ನೂ ಹೇಳಿ ಅಂಗೈಯಿಂದ ಕರ್ಪೂರ ಆರಿಸಿದರು. ಸುಳ್ಳು ಹೇಳುವವರು ಎಲ್ಲೋ ಒಂದು ಕಡೆ ಅತಿ ಮಾಡುತ್ತಾರೆ, ಇಲ್ಲ ತಡವರಿಸುತ್ತಾರೆ. ಇವರು ಎರಡೂ ಮಾಡಲಿಲ್ಲ. ಈ ಮನುಷ್ಯ ಏನೂ ಹಾಕಿಲ್ಲ ಎಂದು ನನಗೆ ಆಗಲೇ ಅನಿಸಿತು. ಹಾಗೆ ಅನಿಸಿದ್ದಕ್ಕೆ ನನ್ನ ಮೇಲೇ ನನಗೆ ಅನುಮಾನ ಬಂತು.

ಆ ವಾರ ಡಾಕ್ಟರು ಬಂದಾಗ ಆಗಷ್ಟೇ ಸತ್ತ ಒಂದು ಕುರಿಯನ್ನು ಕೊಯ್ದು ನೋಡಿದೆವು. ಊರಿಗೆ ಊರೇ ಸುತ್ತ ನಿಂತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಧಾರವಾಡದ ಕಡೆಯವರು, ಆತುರ ಹೆಚ್ಚು. ಹೊಟ್ಟೆ ಬಿಟ್ಟು ನೇರವಾಗಿ ಲಿವರಿಗೆ ಕೈ ಹಾಕಿದರು. ಅದು ಗಂಟುಗಂಟಾಗಿ ಗಟ್ಟಿಯಾಗಿತ್ತು. ಸೀಳಿ ಹಿಂಡಿದಾಗ ಪಿತ್ತದ ನಾಳಗಳಿಂದ ಚಪ್ಪಟೆ ಹುಳಗಳು ಸಣ್ಣ ಎಲೆಗಳ ಹಾಗೆ ಒಂದರ ಹಿಂದೊಂದು ಹೊರಗೆ ಬಂದವು. ವಿಷವೂ ಇಲ್ಲ ಯೂರಿಯಾನೂ ಇಲ್ಲ, ಇದು ಲಿವರ್ ಹುಳ ಎಂದರು. ಹುಳದ ಮರಿಗಳು ಬೆಳೆಯುವುದು ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ, ಅಲ್ಲಿಂದ ಹೊರಬಿದ್ದು ದಡದ ಹುಲ್ಲಿಗೆ ಅಂಟಿಕೊಳ್ಳುತ್ತವೆ, ಕುರಿ ಹುಲ್ಲಿನ ಜೊತೆ ಅವನ್ನೂ ತಿನ್ನುತ್ತದೆ. ಮಕ್ಕಳ ಮೈ ತುರಿಕೆಗೂ ಬಸವನಹುಳುವಿನಿಂದ ಹೊರಡುವ ಇನ್ನೊಂದು ಜಾತಿಯ ಮರಿಹುಳವೇ ಕಾರಣವಿರಬೇಕು ಎಂದರು. ಅದಕ್ಕೆ ಬೇಕಾದ್ದು ಹಕ್ಕಿಯ ಮೈಯೋ ದನದ ಮೈಯೋ, ಮನುಷ್ಯರ ಚರ್ಮ ಹೊಕ್ಕು ಅಲ್ಲೇ ಸಾಯುತ್ತದೆ.

ಕರಿಸಿದ್ದಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಡಾಕ್ಟರು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಾರೆ ಎಂದು ಕೇಳಿದ. ನಾನು ಸುಳ್ಳು ಹೇಳಲಿಲ್ಲ. ಪಟೇಲರ ಮನೆಯಲ್ಲಿ ಎಂದೆ. ಅವನು ತಲೆಯಾಡಿಸಿ ಹೊರಟುಹೋದ. ಒಬ್ಬಟ್ಟಿನ ಊಟ ಎಂದು ಮುಂಚಿತವಾಗಿ ನನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳಲಿಲ್ಲ.

ಆ ಒಬ್ಬಟ್ಟು ನನ್ನನ್ನೂ ಬಿಡಲಿಲ್ಲ. ಹುಳವನ್ನು ಕಣ್ಣಾರೆ ಕಂಡಿದ್ದೆ, ಅದನ್ನು ಯಾರ ಊಟವೂ ಹುಟ್ಟಿಸಲಾರದು. ಆದರೆ ಇಷ್ಟು ವರ್ಷ ಇಲ್ಲದ ಹುಳ ಈ ವರ್ಷವೇ ಯಾಕೆ? ಕೆರೆಯೂ ಹಳೆಯದು, ಕುರಿಯೂ ಹಳೆಯದು. ಡಾಕ್ಟರು ಅಲ್ಲಿಗೇ ಯಾಕೆ ಮಾತು ನಿಲ್ಲಿಸಿದರು? ನಾನು ಪ್ಯಾಂಟು ಮಡಿಸಿ ದಡಕ್ಕಿಳಿದೆ. ಗುಡ್ಡದ ಹಳ್ಳ ಬಂದು ಸೇರುವ ಕಡೆ ನೀರು ಇನ್ನೂ ತಿಳಿಯಾಗಿತ್ತು, ಬಸವನಹುಳು ಹುಡುಕಬೇಕಾಯಿತು. ದಡ ಹಿಡಿದು ಹೊಲದ ಕೊರಕಲಿನ ಕಡೆ ನಡೆದಂತೆ ಹಸಿರು ದಪ್ಪವಾಗುತ್ತ ಹೋಯಿತು, ಹುಳುಗಳೂ ಹೆಚ್ಚುತ್ತ ಹೋದವು. ಕೊರಕಲಿನ ಬಾಯಲ್ಲಿ ಕಲ್ಲು, ಜೊಂಡು, ಮುಳುಗಿದ ಕಡ್ಡಿ, ಎಲ್ಲದರ ಮೇಲೂ ಗೊಂಚಲುಗೊಂಚಲು. ಆ ಹಸಿರನ್ನೇ ಮೇಯುತ್ತಿದ್ದವು. ಒಂದು ಹಿಡಿ ಹುಳುಗಳನ್ನು ಗಾಜಿನ ಲೋಟದಲ್ಲಿ ಬಿಸಿಲಿಗೆ ಇಟ್ಟು ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ನೀರೊಳಗೆ ಧೂಳಿನಂಥ ಕಣಗಳು ಬಾಲ ಬಡಿಯುತ್ತ ಓಡಾಡತೊಡಗಿದವು. ಸಂಜೆಗೆ ನನ್ನ ಕಾಲಲ್ಲೂ ಗುಳ್ಳೆ.

ಈರುಳ್ಳಿಗೆ ಹಾಕಿದ ಗೊಬ್ಬರ ಈರುಳ್ಳಿಗೆ ದಕ್ಕದೆ ಹೋಗಿ ಕೆರೆಗೆ ಸಿಕ್ಕಿತ್ತು. ಕೆರೆ ಹಸಿರಾಯಿತು, ಹಸಿರು ತಿಂದು ಬಸವನಹುಳು ಹೆಚ್ಚಿತು, ಬಸವನಹುಳುವಿನಿಂದ ರೋಗ ಹೆಚ್ಚಿತು, ಹೊಲದಿಂದ ಓಡಿಸಿದ ಕುರಿಗಳು ಬೇರೆ ಗತಿಯಿಲ್ಲದೆ ಅದೇ ದಡದಲ್ಲಿ ಮಂದೆ ಬಿದ್ದವು. ವಾರ ಬಿಟ್ಟು ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಅವಾಕ್ಕಾಗಲಿಲ್ಲ. ತಮಗೂ ಹಾಗೇ ಅನಿಸಿತ್ತು, ಆದರೆ ಗೊಬ್ಬರ ಹಾಕಿ ಎಂದು ಒಂದು ಇಲಾಖೆ ಹೇಳುತ್ತಿರುವಾಗ ಹಾಕಬೇಡಿ ಎಂದು ಇನ್ನೊಂದು ಇಲಾಖೆಯವರು ಜನರ ಮುಂದೆ ಹೇಳುವುದು ಹೇಗೆ ಎಂದರು. ಕಪ್ಪೆಯ ಹೆಚ್ಚುವರಿ ಕಾಲೂ ಇಂಥದ್ದೇ ಹುಳದ ಕೆಲಸವೋ ಎಂದು ಕೇಳಿದ್ದಕ್ಕೆ ಇರಬಹುದು, ಗೊತ್ತಿಲ್ಲ ಎಂದರು. ಅವರ ಮೇಲಿನ ಅನುಮಾನ ಅರ್ಧ ಇಳಿಯಿತು. ಇನ್ನರ್ಧವನ್ನು ಒಬ್ಬಟ್ಟಿನ ಲೆಕ್ಕಕ್ಕೆ ಇಟ್ಟುಕೊಂಡೆ.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ರುದ್ರಪ್ಪನವರು ಡಿಸ್ಪೆನ್ಸರಿಗೆ ಬಂದರು. ಜೊತೆಗೆ ದನವಿರಲಿಲ್ಲ, ಮೊಮ್ಮಗಳಿದ್ದಳು. ಆರೇಳು ವರ್ಷದ ಹುಡುಗಿ, ಕೈಕಾಲೆಲ್ಲ ಕೆರೆದು ಕೆರೆದು ಕೀವಾಗಿತ್ತು, ಮೈ ಸುಡುತ್ತಿತ್ತು. ಅಜ್ಜಂಪುರದ ಆಸ್ಪತ್ರೆಯಲ್ಲಿ ಮುಲಾಮು, ಇಂಜೆಕ್ಷನ್ ಎಲ್ಲ ಆಗಿದೆ, ಜ್ವರ ಇಳಿಯುತ್ತಿಲ್ಲ ಎಂದರು. ಇದು ದನದ ಆಸ್ಪತ್ರೆ, ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗಿ ಎಂದೆ. ಅವರು ಕದಲಲಿಲ್ಲ. ಹುಡುಗಿಯನ್ನು ಹೊರಗೆ ಮರದ ನೆರಳಲ್ಲಿ ಕೂರಿಸಿ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಆ ದಪ್ಪ ದನಿ ಎಲ್ಲಿ ಹೋಗಿತ್ತೋ.

“ಸಾಬ್ರೇ, ಕೆರೆಗೆ ನಾನು ಒಂದ್ ಹಿಡಿನೂ ಹಾಕಿಲ್ಲ. ಹೊಲಕ್ಕೆ ಹಾಕಿದೀನಿ. ನಾನ್ ಮಾಡಿದ್ದು ಸುಳ್ಳಾಣೆಯೇನ್ರೀ?”

ನಾನು ಲೋಟದಲ್ಲಿ ಕಂಡದ್ದನ್ನು ಯಾರೋ ಅವರಿಗೆ ಮುಟ್ಟಿಸಿದ್ದರು. ನಾನೇ ಚಹಾದ ಅಂಗಡಿಯಲ್ಲಿ ಹೇಳಿದ್ದೆ, ಗುಟ್ಟೇನಲ್ಲ. ಮಗುವಿನ ಜ್ವರಕ್ಕೂ ಆಣೆಗೂ ಸಂಬಂಧವಿಲ್ಲ, ಕೆರೆದ ಗಾಯ ಕೀವಾಗಿ ಬಂದ ಜ್ವರ, ಊರಿನ ಅರ್ಧ ಮಕ್ಕಳಿಗೆ ತುರಿಕೆಯಿದೆ, ಅವರ ಅಜ್ಜಂದಿರು ಯಾರೂ ಆಣೆ ಮಾಡಿಲ್ಲ ಎಂದು ಹೇಳಿದೆ. ಗೊಬ್ಬರ ಹಾಕಿದವರು ಅವರೊಬ್ಬರೇ ಅಲ್ಲ ಎಂದೂ ಹೇಳಿದೆ. ಅವರು ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಹೊಲದ ನೀರೇ ಆ ಕೊರಕಲಿಗೆ ಮೊದಲು ಇಳಿಯುವುದು. ನಿಜ ಹೇಳಿ ಎಂದು ಮತ್ತೆ ಕೇಳಿದರು. ನೀವು ವಿಷ ಹಾಕಿಲ್ಲ, ಆದರೆ ಕುರಿ ಸತ್ತದ್ದರಲ್ಲಿ ನಿಮ್ಮ ಹೊಲದ್ದೂ ಪಾಲಿದೆ ಎಂದೆ. ಆ ಕ್ಷಣದಲ್ಲಿ ನನಗೆ ಆ ಮನುಷ್ಯನ ಬಗ್ಗೆ ನಿಜವಾಗಿ ಮರುಕ ಹುಟ್ಟಿತು. ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ, ನಿಜ ಹೇಳಿ ಸಿಕ್ಕಿಬಿದ್ದವರನ್ನು ನೋಡಿದ್ದು ಆಗಲೇ.

ಹುಡುಗಿಯ ಜ್ವರ ಅಜ್ಜಂಪುರದಲ್ಲಿ ಇನ್ನೊಂದು ಔಷಧಿಗೆ ಇಳಿಯಿತು. ರುದ್ರಪ್ಪನವರು ಮಾತ್ರ ಸರಿಹೋಗಲಿಲ್ಲ. ಮಗನ ಹತ್ತಿರ ಜಗಳವಾಡಿ ಕೊರಕಲಿನ ಪಕ್ಕದ ದೊಡ್ಡ ಹೊಲಕ್ಕೆ ಈ ಸಲ ಯೂರಿಯಾ ಬೇಡ, ಮಂದೆ ನಿಲ್ಲಿಸೋಣ ಎಂದರಂತೆ. ಅಪ್ಪನಿಗೆ ಭ್ರಮೆ ಹಿಡಿದಿದೆ ಎಂದು ಮಗ ಚಹಾದ ಅಂಗಡಿಯಲ್ಲಿ ಹೇಳುತ್ತಿದ್ದ. ಊರವರು ಅದಕ್ಕೂ ಒಂದು ಅರ್ಥ ಕಟ್ಟಿದರು: ತಪ್ಪು ಮಾಡದಿದ್ದರೆ ಯಾಕೆ ಹೆದರಬೇಕು?

ಡಾಕ್ಟರು ತರಿಸಿಕೊಟ್ಟ ಲಿವರ್ ಹುಳದ ಔಷಧಿ ಕೆಲಸ ಮಾಡಿತು. ಗಂಗಮ್ಮ ಮೊದಲು ಒಂದು ಮುದಿ ಕುರಿಗೆ ಕುಡಿಸಿ, ಅದು ಬದುಕಿದ್ದನ್ನು ನೋಡಿದ ಮೇಲೆ ಉಳಿದವಕ್ಕೆ ಕುಡಿಸಿದಳು. ಆದರೆ ಅಷ್ಟರಲ್ಲಿ ಅರ್ಧ ಮಂದೆ ಹೋಗಿತ್ತು. ಹುಲ್ಲು ಅದೇ, ಕೆರೆ ಅದೇ, ಇಲ್ಲೇ ಇದ್ದರೆ ಮತ್ತೆ ಹಿಡಿಯುತ್ತದೆ ಎಂದು ನಾನೇ ಹೇಳಿದ್ದೆ. ಯುಗಾದಿಗೆ ಮುಂಚೆ ಊರು ಬಿಟ್ಟು ಸಖರಾಯಪಟ್ಟಣದ ಕಡೆ, ಹೆಂಡತಿಯ ತಮ್ಮನ ಮಂದೆ ಸೇರುವುದು ಎಂದು ಕರಿಸಿದ್ದಪ್ಪ ನಿಶ್ಚಯ ಮಾಡಿದ. ಸೇರುವುದು ಎಂದು ಅವನು ಹೇಳಿದ. ಕೂಲಿಗೆ ಎಂದು ನಾವು ಅರ್ಥ ಮಾಡಿಕೊಂಡೆವು.

ಹೊರಡುವ ದಿನ ಬೆಳಿಗ್ಗೆ ರುದ್ರಪ್ಪನವರು ನನ್ನನ್ನು ಕರೆದುಕೊಂಡು ದಾರಿಗೆ ಅಡ್ಡ ನಿಂತರು. ಅವರ ಹೊಲದ ಬದು ಅದು. ಹೊಸದಾಗಿ ಉತ್ತಿದ್ದರು, ಮಣ್ಣು ಕಪ್ಪಗೆ ಬಿಡಿಬಿಡಿಯಾಗಿತ್ತು. ಕುರಿಗಳು ಮುಂದೆ, ಹಿಂದೆ ಕತ್ತೆಯ ಮೇಲೆ ಪಾತ್ರೆಪಗಡ, ಅದರ ಹಿಂದೆ ಗಂಡಹೆಂಡತಿ. ಆಣೆ ಬಿದ್ದ ಮೇಲೆ ಎದುರೆದುರು ಮಾತಾಡುವಂತಿಲ್ಲವಲ್ಲ, ನಡುವೆ ನಾನು ನಿಂತೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದ ಇಬ್ಬರೂ ನನ್ನ ಮುಖವನ್ನೇ ನೋಡುತ್ತ ಮಾತಾಡಿದರು.

ಪಟೇಲರು ಹೇಳಿದ್ದು ಇಷ್ಟು: ಊರು ಬಿಡುವುದು ಬೇಡ. ಈ ಹೊಲದಲ್ಲಿ ಮಂದೆ ನಿಲ್ಲಲಿ. ರಾಗಿ ಮೊದಲಿಗಿಂತ ಹೆಚ್ಚಿಗೆ ಅಳೆಯುತ್ತೇನೆ. ಕುರಿಗೆ ನಮ್ಮ ಬಾವಿಯ ನೀರು, ಕೆರೆಗೆ ಇಳಿಸುವುದೇ ಬೇಡ. ನಾನು ಒಂದೊಂದು ಮಾತನ್ನೂ ದಾಟಿಸಿದೆ. ಅಮ್ಮನಾಣೆ ಬಿದ್ದ ಮನೆಯ ನೀರನ್ನು ಕುರಿ ಕುಡಿಯಬಹುದೋ ಎಂದು ಕರಿಸಿದ್ದಪ್ಪ ಕೇಳಿದ. ಅಂತರಘಟ್ಟೆಗೆ ಮತ್ತೆ ಹೋಗಿ ತಪ್ಪುಕಾಣಿಕೆ ಹಾಕಿ ಆಣೆ ಬಿಡಿಸಿಕೊಳ್ಳುತ್ತೇನೆ, ಅದು ನನ್ನ ಮೇಲಿರಲಿ ಎಂದರು ಪಟೇಲರು. ತಪ್ಪುಕಾಣಿಕೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದಕ್ಕೆ ಗಂಗಮ್ಮ ತಲೆಯೆತ್ತಿ ಗಂಡನ ಕಡೆ ನೋಡಿದಳು. ನಿಲ್ಲೋಣ ಎನ್ನುವ ಆಸೆ ಅವಳ ಮುಖದಲ್ಲಿ ಅಷ್ಟು ಸ್ಪಷ್ಟವಾಗಿತ್ತು. ನನಗೂ ಅದೇ ಆಸೆಯಿತ್ತು. ಇವನು ಒಪ್ಪಿಕೊಂಡುಬಿಡಲಿ ಎಂದು ಮನಸ್ಸಿನೊಳಗೇ ಬೇಡಿಕೊಂಡೆ.

ಕರಿಸಿದ್ದಪ್ಪ ಬಗ್ಗಿ ಉತ್ತ ಮಣ್ಣಿನ ಒಂದು ಹೆಂಟೆ ಎತ್ತಿ ಪುಡಿಮಾಡಿದ. ಮೂಸಿದ. ನನ್ನ ಅಂಗೈಗೆ ಹಾಕಿದ.

“ಸಾಬ್ರೇ, ಇದನ್ನ ಅವ್ರಿಗೆ ಕೊಡಿ. ಒಂದ್ ಚಿಟಿಕೆ ಬಾಯ್ಗಾಕ್ಕೊಳ್ಳಿ ಅನ್ನಿ. ನನ್ ಕುರಿ ಇದ್ರ ಮೇಲೇ ಮಲಗ್ಬೇಕು, ಇದ್ರಲ್ಲಿ ಚಿಗುರಿದ್ದನ್ನೇ ತಿನ್ಬೇಕು.”

ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿದೆ, ಮಣ್ಣನ್ನೂ ದಾಟಿಸಿದೆ. ರುದ್ರಪ್ಪನವರು ಚಿಟಿಕೆ ಮಣ್ಣು ತೆಗೆದುಕೊಂಡು ಕೈ ಮೇಲೆತ್ತಿದರು. ತುಟಿಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಅವರು ಹುಟ್ಟಿದಾಗಿನಿಂದ ತುಳಿದ ಹೊಲ ಅದು. ಬಿತ್ತನೆಗೆ ಮುಂಚೆ ಅದರ ಮಣ್ಣನ್ನು ನಾಲಿಗೆಗೆ ತಾಗಿಸಿ ಹದ ನೋಡುವವರು ಅವರೇ ಎಂದು ಊರಲ್ಲಿ ಹೇಳುತ್ತಿದ್ದರು. ಕುರಿಗಳು ದಾರಿಯಲ್ಲಿ ತಳ್ಳಾಡುತ್ತಿದ್ದವು. ಅವರು ಮಣ್ಣು ಹಿಡಿದ ಕೈಯನ್ನು ಇಳಿಸಿ, ನನ್ನ ಕಡೆ ನೋಡುವುದನ್ನು ಬಿಟ್ಟು, ನೇರವಾಗಿ ಅವನ ಮುಖ ನೋಡಿದರು.

“ಗೊತ್ತಿಲ್ಲ ಕಣೋ ಸಿದ್ದ. ಇದ್ರೊಳ್ಗೆ ಏನೇನೈತೋ ನಂಗೇ ಗೊತ್ತಿಲ್ಲ.”

ಆ ಮಾತನ್ನು ನಾನು ದಾಟಿಸಬೇಕಾಗಿರಲಿಲ್ಲ. ಅಷ್ಟೂ ತಿಂಗಳಲ್ಲಿ ಆ ಊರಿನಲ್ಲಿ ಯಾರೂ ಯಾರ ಮಾತನ್ನೂ ನಂಬಿದ್ದನ್ನು ನಾನು ಕಂಡಿರಲಿಲ್ಲ. ಕರಿಸಿದ್ದಪ್ಪ ಇದನ್ನು ನಂಬಿದ. ಪಟೇಲರಿಗೆ ಕೈ ಮುಗಿದ, ಹೆಂಡತಿಗೆ ಕಣ್ಣಲ್ಲೇ ಹೇಳಿದ, ಆ ಹೊಲಕ್ಕೆ ಒಂದು ಕುರಿಯೂ ಕಾಲಿಡದಂತೆ ಬದುವಿನ ಆಚೆ ಬದಿಯಿಂದ ಮಂದೆಯನ್ನು ದಾಟಿಸಿಕೊಂಡು ಹೊರಟುಹೋದ.